ಬಾಳೆ ಕಡಿದ ಜಾಗ

ಕಟ್ಟಡ ಎಂಪಿಯದು. ನರ್ಸನ್ನು ಕಳಿಸಬೇಕಾದವರು ಗವರ್ನರು. ಹಾಗಾದರೆ ಬಾಗಿಲಿಗೆ ಬಿದ್ದಿರುವ ಬೀಗ ಯಾರದು? ಮೊದಲು ಯಾರಿಗೆ ಫೋನು ಮಾಡಬೇಕು? ಗವರ್ನರ ಕಚೇರಿಗೆ ಮಾಡಿದರೆ ಎಂಪಿ ಕಡೆಯವರು ಮುಖ ತಿರುಗಿಸುತ್ತಾರೆ. ಎಂಪಿಗೆ ಮಾಡಿದರೆ ನರ್ಸು ಬರುವುದಿಲ್ಲ. ಅಥವಾ ಯಾರಿಗೂ ಮಾಡದೆ ಸುಮ್ಮನೆ ಕೂತರೆ ಅವರಾಗಿಯೇ ಬಂದು ತೆರೆಯುತ್ತಾರೋ ಏನೋ. ಜಾಗ ಕೊಟ್ಟವನೇ ಮತ್ತೆ ಮತ್ತೆ ಕೇಳುತ್ತ ಹೋದರೆ, ಕೊಟ್ಟದ್ದಕ್ಕೆ ಬೆಲೆ ಕೇಳಿದ ಹಾಗೆ ಆಗುವುದಿಲ್ಲವೆ?

ಚಗಾಲ ಮೇಷ್ಟ್ರು ಮನೆಯ ಮುಂದೆ ಮುಕ್ಕಾಲಿಯ ಮೇಲೆ ಕೂತು ಫೋನನ್ನು ತೊಡೆಯ ಮೇಲೆ ಮಗುಚಿ ಮಗುಚಿ ಹಾಕುತ್ತಿದ್ದರು. ಬೇಲಿಯಾಚೆ ಹೊಸ ಡಿಸ್ಪೆನ್ಸರಿ, ಮೇಲೆ ನೀಲಿ ತಗಡು. ಇದ್ದ ಮೂರು ಕೋಣೆಗಳಲ್ಲಿ ಒಂದು ಹೆರಿಗೆಗೆ. ಕಿಟಕಿಯಿಂದ ಇಣುಕಿದರೆ ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಮಂಚ ಕಾಣುತ್ತಿತ್ತು. ಹೋದ ವರ್ಷದವರೆಗೆ ಅಲ್ಲಿ ಸೊಸೆ ಮಿನಾಯೊಳ ಬಾಳೆಗಿಡಗಳೂ ಹಸುವಿಗೆ ಹಾಕುವ ಹುಲ್ಲೂ ಇದ್ದವು. ಹೊಸ ಮನೆ ಕಟ್ಟುವವರು ಅಜ್ಜಂದಿರ ಗೋರಿಗಳನ್ನು ಸುತ್ತುಬಳಸಿ ಪಾಯ ತೋಡಬೇಕಾದಷ್ಟು ಇಕ್ಕಟ್ಟಾದ ಆ ಗುಡ್ಡದಲ್ಲಿ, ಅರ್ಧ ಎಕರೆಯನ್ನು ಸುಮ್ಮನೆ ಬರೆದುಕೊಟ್ಟವರು ಮೇಷ್ಟ್ರೊಬ್ಬರೇ.

ಅಡುಗೆ ಗುಡಿಸಲಿನಿಂದ ಮಿನಾಯೊಳ ದನಿ ಬಂತು. ಸೊಸೆ ಮಾವನ ಜತೆ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ಮಾವ ಸೊಸೆಯ ಹೊಸಿಲು ದಾಟುವ ಪದ್ಧತಿಯೂ ಇರಲಿಲ್ಲ. ಹಾಗಾಗಿ ಅವಳು ಹೇಳಬೇಕಾದ್ದನ್ನೆಲ್ಲ ಅತ್ತೆ ಕಗೆಹಾಳಿಗೆ ಹೇಳುತ್ತಿದ್ದಳು, ಮಾವನಿಗೆ ಕೇಳುವಷ್ಟು ಗಟ್ಟಿಯಾಗಿ.

"ಅತ್ತೆ, ನನ್ನ ಬಾಳೆ ಕಡಿದ ಜಾಗದಲ್ಲಿ ಏನು ಬೆಳೀತಾ ಇದೆ ಅಂತ ಕೇಳಿ."

"ನೀನೇ ಕೇಳು. ಇಲ್ಲೇ ಕೂತಿದಾರಲ್ಲ."

"ನಾನು ಹ್ಯಾಗೆ ಕೇಳ್ಲಿ? ನಂಗೆ ಮರ್ಯಾದೆ ಇದೆ."

ಮಿನಾಯೊಗೆ ಏಳು ತಿಂಗಳಾಗಿತ್ತು. ಹಿಂದಿನ ಹೆರಿಗೆ ಮನೆಯಲ್ಲೇ ಆಗಿ, ಮಗು ಉಳಿಯದೆ, ರಕ್ತವೂ ನಿಲ್ಲದೆ, ಅವಳನ್ನು ಮಂಚದ ಸಮೇತ ಹೊತ್ತು ಮಿಷನ್ ಆಸ್ಪತ್ರೆಗೆ ಒಯ್ದಿದ್ದರು. ಅಲ್ಲಿಯ ನರ್ಸು ಕಗೆಹಾಳನ್ನು ಪಕ್ಕಕ್ಕೆ ಕರೆದು ಹೇಳಿದ್ದಳು: ಮುಂದಿನದು ಮನೆಯಲ್ಲಿ ಬೇಡ, ಮಗು ಹೊರಗೆ ಬಂದ ತಕ್ಷಣ ಇವಳಿಗೆ ಒಂದು ಇಂಜೆಕ್ಷನ್ ಬೀಳಬೇಕು. ಆ ಮಾತು ಕೇಳಿಕೊಂಡು ಬಂದ ಮೇಲೆಯೇ ಮೇಷ್ಟ್ರು ಜಾಗ ಕೊಟ್ಟದ್ದು. ಹಾಗೆಂದು ಅವರು ಎಲ್ಲರಿಗೂ ಹೇಳುತ್ತಿದ್ದರು. ಅದು ನಿಜವೂ ಆಗಿತ್ತು. ಉದ್ಘಾಟನೆಯ ಕಲ್ಲಿನಲ್ಲಿ ದಾನಿಯ ಹೆಸರು ಕೆತ್ತಿಸುತ್ತೇವೆ ಎಂದು ಎಂಪಿ ಚರ್ಚಿನಲ್ಲಿ ನಿಂತು ಹೇಳಿದ್ದನ್ನೂ ಅವರು ಮರೆತಿರಲಿಲ್ಲ.

ವಾರ್ಡ್ ಸದಸ್ಯನ ನಂಬರು ಕಕ್ಕಸಿನ ಬಾಗಿಲ ಮೇಲಿತ್ತು. ಚುನಾವಣೆಯ ಪೋಸ್ಟರನ್ನು ಗಾಳಿ ತಡೆಯಲಿ ಎಂದು ಕಗೆಹಾ ಅಲ್ಲಿಗೆ ಬಡಿದಿದ್ದಳು. ಸಂಜೆ ಊಟಕ್ಕೆ ಕೂತಾಗ ಮೇಷ್ಟ್ರು ಆ ನಂಬರನ್ನು ಒತ್ತಿದರು. ಮೆಕ್ಕೆಜೋಳದ ಮುದ್ದೆಯಿಂದ ಹಬೆ ಏಳುತ್ತಿತ್ತು. ಲೋಳೆಲೋಳೆಯಾದ ಮ್ರೆಂಡ ಸೊಪ್ಪಿನ ಬಟ್ಟಲನ್ನು ಕಗೆಹಾ ನಡುವೆ ಇಟ್ಟಳು. ಫೋನಿನಲ್ಲಿ ಒಂದು ಹೆಣ್ಣುದನಿ, ನೀವು ಕರೆ ಮಾಡಿದ ಚಂದಾದಾರರು ಸಿಗುತ್ತಿಲ್ಲ ಎಂದಿತು. ಮೇಷ್ಟ್ರು ಮತ್ತೆ ಒತ್ತಿದರು. ಮತ್ತೆ ಅದೇ ದನಿ.

"ಅತ್ತೆ, ಹೇಳಿ ಅವರಿಗೆ," ಎಂದಳು ಮಿನಾಯೊ ಬಾಗಿಲಾಚೆಯಿಂದ. "ಆರು ಜನಕ್ಕೆ ಓಟು ಹಾಕಿದ್ವಲ್ಲ, ಫೋನ್ ಎತ್ತೋಳು ಈ ಹೆಂಗಸೊಬ್ಬಳೇ. ಮುಂದಿನ ಸಲ ಇವಳಿಗೇ ಹಾಕೋಣ."

ಮಗ ಇಂಬುಗನಿಗೆ ನಗು ಬಂದು ಮುದ್ದೆ ಗಂಟಲಿಗೆ ಹತ್ತಿತು. ಅವನು ಊರ ತಿರುವಿನಲ್ಲಿ ಬಾಡಿಗೆ ಬೈಕು ಓಡಿಸುತ್ತಿದ್ದ. ನೀರು ಕುಡಿದು ಹೇಳಿದ, "ಗೆದ್ದ ಮಾರನೇ ದಿನ ಎಲ್ಲರೂ ಸಿಮ್ ಬದಲಾಯಿಸ್ತಾರಪ್ಪ. ಅಷ್ಟೂ ಗೊತ್ತಿಲ್ವಾ ನಿಂಗೆ?"

"ಅವನು ನನ್ನ ಶಿಷ್ಯ ಕಣೋ. ಮೂರನೇ ಕ್ಲಾಸಿನಲ್ಲಿ ಅವನ ಮೂಗು ಒರೆಸಿದೋನು ನಾನು."

"ಹಾಗಾದ್ರೆ ಮೂಗಿಗೇ ಫೋನ್ ಮಾಡು."

ಮೇಷ್ಟ್ರೂ ನಕ್ಕರು. ಆದರೆ ಅವರಿಗೆ ಒಳಗೆ ಒಂದು ನಂಬಿಕೆ ಇತ್ತು. ಮತಗಟ್ಟೆಯಲ್ಲಿ ಆರು ಬಣ್ಣದ ಆರು ಚೀಟಿ ಮಡಚಿ ಆರು ಡಬ್ಬಿಗೆ ಹಾಕಿ ಬಂದವರು ಅವರು. ವಾರ್ಡಿಗೆ ಒಬ್ಬ, ಕ್ಷೇತ್ರಕ್ಕೆ ಎಂಪಿ, ಕೌಂಟಿಗೆ ಗವರ್ನರು, ಸೆನೆಟರು, ಮಹಿಳಾ ಪ್ರತಿನಿಧಿ, ದೇಶಕ್ಕೆ ಅಧ್ಯಕ್ಷರು. ಆರರಲ್ಲಿ ಒಬ್ಬರಾದರೂ ಸಿಗದೆ ಎಲ್ಲಿ ಹೋಗುತ್ತಾರೆ?

ಶನಿವಾರ ಅವರು ಕೋಟು ತೊಟ್ಟು ಪಕ್ಕದೂರಿನ ಸಾವಿನ ಮನೆಗೆ ಹೋದರು. ಸತ್ತವರು ಯಾರೆಂದು ಸರಿಯಾಗಿ ಗೊತ್ತಿರಲಿಲ್ಲ. ಓಟು ಗೆದ್ದ ಮಾನ್ಯರನ್ನು ಕಾಣಬೇಕಾದರೆ ಮಣ್ಣಿಗೆ ಹೋಗಬೇಕು, ಅದನ್ನು ಮಕ್ಕಳೂ ಬಲ್ಲರು. ವಾರ್ಡ್ ಸದಸ್ಯ ಶವಪೆಟ್ಟಿಗೆಯ ಪಕ್ಕ ಮೈಕು ಹಿಡಿದು ಗವರ್ನರನ್ನು ಬೈದು, ಎಂಪಿಯನ್ನು ಹೊಗಳಿ, ಊಟಕ್ಕೆ ಕೂತ. ಮೇಷ್ಟ್ರು ಅವನ ಬೆನ್ನ ಹಿಂದೆ ನಿಂತು ಕಾದರು.

"ಮೇಷ್ಟ್ರೇ, ಕೂತ್ಕೊಳ್ಳಿ, ಕೋಳಿ ತಿನ್ನಿ," ಎಂದ ಅವನು. ವಿಷಯ ಕೇಳಿದ ಮೇಲೆ ದನಿ ತಗ್ಗಿಸಿದ. "ನೋಡಿ, ಆರೋಗ್ಯ ಗವರ್ನರದು, ಗೋಡೆ ಎಂಪಿದು. ಇಬ್ಬರಿಗೂ ಈಗ ಆಗಿಬರಲ್ಲ. ಮಧ್ಯ ಕೈ ಹಾಕಿದ್ರೆ ಸುಟ್ಟುಕೊಳ್ಳೋನು ನಾನು. ಸೆನೆಟರನ್ನ ಕೇಳಿ, ಉಸ್ತುವಾರಿ ಅವರದು."

ಸೆನೆಟರು ಬೆಳಗಿನ ರೇಡಿಯೋದಲ್ಲಿ ಜನರ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು. ಮೊಟ್ಟೆ ಮಾರಿದ ದುಡ್ಡಿನಲ್ಲಿ ಮೇಷ್ಟ್ರು ಕರೆನ್ಸಿ ಹಾಕಿಸಿಕೊಂಡು ವಾರವೆಲ್ಲ ಪ್ರಯತ್ನಿಸಿದರು. ಒಂದು ದಿನ ಲೈನು ಸಿಕ್ಕಿತು. ಅಂಗಳದಲ್ಲಿ ನಿಂತು ಮೇಷ್ಟ್ರು ಮಾತಾಡುತ್ತಿದ್ದರೆ, ಒಳಗೆ ರೇಡಿಯೋದಿಂದ ಅವರದೇ ದನಿ ಬರುತ್ತಿತ್ತು. ಕಗೆಹಾ ಸೌಟು ಹಿಡಿದು ಹೊರಗೊಮ್ಮೆ ಒಳಗೊಮ್ಮೆ ನೋಡಿದಳು. ಬಹಳ ಒಳ್ಳೆಯ ಪ್ರಶ್ನೆ, ಇಂಥ ನಾಗರಿಕರು ಬೇಕು ಎಂದರು ಸೆನೆಟರು. ಅಷ್ಟರಲ್ಲಿ ಸೋಪಿನ ಜಾಹೀರಾತು ಬಂತು.

ಕೌಂಟಿ ಪಟ್ಟಣದಲ್ಲಿ ಗವರ್ನರ ಕಚೇರಿಯ ಹುಡುಗಿ, ಕಟ್ಟಡ ನಮಗಿನ್ನೂ ಹಸ್ತಾಂತರ ಆಗಿಲ್ಲ ಎಂದಳು. ಯಾರು ಮಾಡಬೇಕು ಎಂದರೆ, ಎಂಪಿ ಎಂದಳು. ಮಹಿಳಾ ಪ್ರತಿನಿಧಿಯ ಕಚೇರಿಯವರು ಇನ್ನೂ ಮರ್ಯಾದಸ್ಥರು. ಚಹಾ ಕೊಟ್ಟು, ನಿಮ್ಮೂರ ಹೆಂಗಸರ ಸಂಘಕ್ಕೆ ಟೆಂಟು ಕುರ್ಚಿ ಕೊಟ್ಟಿದ್ದೇವಲ್ಲ, ಇನ್ನೇನು ಬೇಕು ಎಂದು ಕೇಳಿದರು.

"ಟೆಂಟಿನಲ್ಲಿ ಹೆರು ಅಂತಾರಾ ಅತ್ತೆ?" ಎಂದಳು ಮಿನಾಯೊ ಅಂದು ಸಂಜೆ, ಒಣಮೀನು ಹುರಿಯುತ್ತ. ಈ ಸಲ ಯಾರೂ ನಗಲಿಲ್ಲ.

ಇಂಬುಗ ಹೇಳಿದ, "ಅಪ್ಪ, ಬಸ್ಸಿಗೆ ದುಡ್ಡು ಸುರಿಯೋದನ್ನ ನಿಲ್ಲಿಸು. ಹೆರಿಗೆಗೆ ವಾರ ಮುಂಚೆ ಅವಳನ್ನ ಮಿಷನ್ ಆಸ್ಪತ್ರೆ ಹತ್ರ ನನ್ನ ಗೆಳೆಯನ ಮನೇಲಿ ಬಿಡ್ತೀನಿ."

"ಅಂಗಳದಲ್ಲಿ ಆಸ್ಪತ್ರೆ ಇಟ್ಟುಕೊಂಡು ಕಂಡವರ ಮನೇಲಿ ಹೆರಬೇಕಾ ನನ್ನ ಸೊಸೆ?"

"ಅಂಗಳದಲ್ಲಿ ಇರೋದು ಗೋಡೆ."

"ಓಟು ಹಾಕಿದೀವಿ ಕಣೋ. ಕೇಳೋ ಹಕ್ಕಿದೆ."

"ಇದೆ. ಕೇಳ್ತಾ ಇರು."

ಮಾರನೆಯ ದಿನ ಮಧ್ಯಾಹ್ನ ಫೋನು ತಾನಾಗಿ ಬಡಿದುಕೊಂಡಿತು.

"ಚಗಾಲ ಮೇಷ್ಟ್ರಾ? ನಾನು ಎಂಪಿಯವರ ಆಪ್ತ ಸಹಾಯಕ. ರೇಡಿಯೋದಲ್ಲಿ ನಿಮ್ಮ ದನಿ ಮಾನ್ಯರು ಕೇಳಿದ್ರು. ನಿಮ್ಮ ಹೆಸರು ಹಿಡಿದು ಹೇಳಿದ್ರು."

ಮೇಷ್ಟ್ರು ಎದ್ದು ನಿಂತರು.

"ಬರೋ ಶುಕ್ರವಾರ ಉದ್ಘಾಟನೆ. ಅಲ್ಲೀವರೆಗೆ ಕೀ ನಿಮ್ಮ ಹತ್ರ ಇರಲಿ ಅಂದಿದಾರೆ. ಕಂಟ್ರಾಕ್ಟರನ ಆಳು ತಂದು ಕೊಡ್ತಾನೆ. ಯಾರು ಕೇಳಿದ್ರೂ ಕೊಡಬೇಡಿ. ಗವರ್ನರ ಕಡೆಯವರು ಮೊದಲು ತೆರೆದುಬಿಟ್ರೆ ಎಲ್ಲಾ ಅವರೇ ಮಾಡಿದ್ದು ಅಂತಾಗುತ್ತೆ. ನಿಮ್ಮಂಥ ಓದಿದವರಿಗೆ ಬಿಡಿಸಿ ಹೇಳಬೇಕಾ? ಕೀ ನಿಮ್ಮ ಹತ್ರ ಇದೆ ಅನ್ನೋದು ಮನೇಲೂ ಗೊತ್ತಾಗೋದು ಬೇಡ. ಹಾಂ, ಕಲ್ಲಿನಲ್ಲಿ ನಿಮ್ಮ ಹೆಸರಿದೆ."

"ಆಗಲಿ, ಯಾರಿಗೂ ಕೊಡಲ್ಲ," ಎಂದರು ಮೇಷ್ಟ್ರು.

ಅಂದು ಕಗೆಹಾ ಕೋಳಿ ಕೊಂದಳು. ಯಜಮಾನನಿಗೆ ಮೀಸಲಾದ ಜಠರದ ತುಂಡನ್ನು ಮೇಷ್ಟ್ರ ತಟ್ಟೆಗೆ ಹಾಕಿ, "ತಗೊಳ್ಳಿ, ಮಾನ್ಯರ ಸ್ನೇಹಿತರೇ," ಎಂದಳು. ಮಿನಾಯೊ ಬಾಗಿಲಾಚೆಯಿಂದ, "ಅತ್ತೆ, ಮಾವನವರ ಕಾಲು ನೋಯ್ತಿರಬೇಕು, ಬಿಸಿನೀರು ಕಾಯಿಸಿಡ್ಲಾ ಅಂತ ಕೇಳಿ," ಎಂದಳು. ಬಾಳೆ ಕಡಿಸಿದ ಮೇಲೆ ಅವಳು ಮಾವನ ಬಗ್ಗೆ ಆಡಿದ ಮೊದಲ ಮೆತ್ತನೆ ಮಾತು ಅದು. ಮೇಷ್ಟ್ರು ಉದ್ಘಾಟನೆಯ ಸುದ್ದಿ ಹೇಳಿದರು. ಕೀಯ ವಿಷಯ ಹೇಳಲಿಲ್ಲ. ಮಾರನೆಯ ಬೆಳಗ್ಗೆ ಅದು ಅವರ ಕೋಟಿನ ಒಳಜೇಬು ಸೇರಿತು.

ಮಂಗಳವಾರ ಸಂತೆ. ಹೆಂಗಸರಿಬ್ಬರೂ ಮೊಟ್ಟೆ, ಸೊಪ್ಪು ಹೊತ್ತು ಹೋಗಿದ್ದರು. ಇಂಬುಗ ಬೈಕಿನ ಮೇಲಿದ್ದ. ಆಗ ಒಬ್ಬ ಹುಡುಗಿ ಬಂದು ಬೇಲಿಯ ಬಳಿ ನಿಂತಳು. ತಲೆಯ ಮೇಲೆ ರಟ್ಟಿನ ಪೆಟ್ಟಿಗೆ, ಕೈಯಲ್ಲಿ ನೀಲಿ ಐಸ್ ಡಬ್ಬಿ. ಕೆಂಪು ಕೆಸರು ಮೊಣಕಾಲಿನವರೆಗೆ ಮೆತ್ತಿತ್ತು.

"ತಾತ, ನಾನು ಕೌಂಟಿಯಿಂದ ಬಂದ ನರ್ಸು. ಈ ಬಾಗಿಲ ಕೀ ಯಾರ ಹತ್ರ ಇದೆ? ಜಾಗ ಕೊಟ್ಟವರು ನೀವಂತೆ, ನಿಮಗೆ ಗೊತ್ತಿರುತ್ತೆ ಅಂದ್ರು."

"ಶುಕ್ರವಾರ ಉದ್ಘಾಟನೆ ಇದೆಯಮ್ಮ. ಆಮೇಲೆ ಬಾ."

"ಉದ್ಘಾಟನೆ ಕಟ್ಕೊಂಡು ನಾನೇನು ಮಾಡ್ಲಿ? ಒಂದು ಕೋಣೆ ತೆಗೆದ್ರೂ ಸಾಕು, ಇವತ್ತಿಂದ ಕೂರ್ತೀನಿ. ಇದನ್ನ ಫ್ರಿಜ್ಜಿಗಿಡಬೇಕು, ಐಸು ಕರಗ್ತಾ ಇದೆ."

"ಏನದು?"

"ಹೆರಿಗೆ ಆದ ಮೇಲೆ ಕೊಡೋ ಇಂಜೆಕ್ಷನ್ನು. ರಕ್ತ ನಿಲ್ಲೋಕೆ."

ಮೇಷ್ಟ್ರ ಕೈ ಕೋಟಿನೊಳಗೆ ಹೋಯಿತು. ಕೀ ಮೈಯ ಶಾಖಕ್ಕೆ ಬೆಚ್ಚಗಾಗಿತ್ತು. ಇನ್ನೇನು ಶುಕ್ರವಾರ ಬಂತು. ಮಿನಾಯೊಗೆ ಇನ್ನೂ ಸಮಯವಿದೆ. ತನ್ನ ಹೆಸರು ಹಿಡಿದು ಹೇಳಿದ ಒಬ್ಬನೇ ಒಬ್ಬ ಮನುಷ್ಯನಿಗೆ ಕೊಟ್ಟ ಮಾತು. ಈ ಹುಡುಗಿಯೋ ಗವರ್ನರ ಕಡೆಯವಳು. ಕೈ ಖಾಲಿಯಾಗಿಯೇ ಹೊರಗೆ ಬಂತು.

"ಕೀ ಕಂಟ್ರಾಕ್ಟರ್ ಹತ್ರ ಇದೆ," ಎಂದರು.

"ಅವನೆಲ್ಲಿ?"

"ಗೊತ್ತಿಲ್ಲಮ್ಮ."

ಹುಡುಗಿ ಹೋಗಿ ಬೀಗವನ್ನು ಒಮ್ಮೆ ಎಳೆದು ನೋಡಿದಳು. ಆಮೇಲೆ ಫೋನು ತೆಗೆದು ಬೀಗದ ಫೋಟೋ ಹಿಡಿದಳು. "ಬಂದಿದ್ದೆ ಅನ್ನೋದಕ್ಕೆ ಸಾಕ್ಷಿ ಬೇಕಲ್ಲ ತಾತ. ಬಾಗಿಲು ಹಾಕಿದ್ರೆ ನನ್ನನ್ನ ಬೇರೆ ಕಡೆ ಹಾಕ್ತಾರೆ. ಅಲ್ಲೂ ಹೆಂಗಸರಿದಾರೆ." ಪೆಟ್ಟಿಗೆಯನ್ನು ಮತ್ತೆ ತಲೆಗೇರಿಸಿಕೊಂಡು ಇಳಿಜಾರಿನಲ್ಲಿ ಮರೆಯಾದಳು.

ಶುಕ್ರವಾರ ಹೆಂಗಸರು ಅಂಗಳ ಗುಡಿಸಿದರು, ಹಾಡು ಹೇಳಿಕೊಂಡು ಕಾದರು. ಮೇಷ್ಟ್ರು ಬೆಳಗಿನಿಂದ ಕೋಟು ಬಿಚ್ಚಲಿಲ್ಲ. ಮೂರು ಗಂಟೆಯ ಮಳೆ ಬಂದು ಎಲ್ಲರನ್ನೂ ಮನೆಗೆ ಕಳಿಸಿತು. ಸಂಜೆ ಸಹಾಯಕ ಫೋನು ಮಾಡಿ, ನೈರೋಬಿಯಲ್ಲಿ ಸಂಸತ್ತಿನ ಕೆಲಸ, ಮುಂದಿನ ವಾರ ಖಂಡಿತ ಎಂದ. ಮುಂದಿನ ವಾರವೂ ಹಾಗೆಯೇ ಹೇಳಿದ. ಅದರ ಮುಂದಿನ ವಾರ ಫೋನೆತ್ತಲಿಲ್ಲ. ಅದೇ ಹೆಣ್ಣುದನಿ ಮಾತಾಡಿತು.

ಮೇಷ್ಟ್ರು ಒಂದು ಬೆಳಗ್ಗೆ ಯಾರಿಗೂ ಹೇಳದೆ ಗವರ್ನರ ಕಚೇರಿಗೆ ಹೋಗಿ ನರ್ಸನ್ನು ಕೇಳಿದರು. ಹಿಂದೆ ಮಾತಾಡಿದ್ದ ಕಚೇರಿಯ ಹುಡುಗಿಯೇ ಕಂಪ್ಯೂಟರು ನೋಡಿ, "ಕಳಿಸಿದ್ವಿ. ಬಾಗಿಲು ಹಾಕಿತ್ತಂತೆ, ಬೇರೆ ಕಡೆ ಹಾಕಿದೀವಿ," ಎಂದಳು. ಹಿಂತಿರುಗಿ ಬಂದ ಮೇಲೆ ಕಗೆಹಾ ಊಟಕ್ಕೆ ಕರೆದಳು. ಹೊಟ್ಟೆ ಸರಿಯಿಲ್ಲ ಎಂದರು.

"ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ."

"ಮತ್ಯಾಕೆ ಮುಖ ಹಿಂಗಿದೆ?"

"ಬಸ್ಸಲ್ಲಿ ಸೀಟು ಸಿಗಲಿಲ್ಲ."

ಮಿನಾಯೊಗೆ ನೋವು ದಿನಕ್ಕೆ ಮುಂಚೆಯೇ ಬಂತು, ಮಧ್ಯಾಹ್ನದ ಮಳೆಯ ಹೊತ್ತಿಗೆ. ಗೆಳೆಯನ ಮನೆಗೆ ಅವಳನ್ನು ಕರೆದೊಯ್ಯಲು ಇಂಬುಗ ಭಾನುವಾರವನ್ನು ಗೊತ್ತು ಮಾಡಿದ್ದ. ಅಂದು ಇನ್ನೂ ಗುರುವಾರ. ಪಕ್ಕದ ಮನೆಯವರು ಓಡಿ ಹೋಗಿ ಅವನನ್ನು ತಿರುವಿನಿಂದ ಕರೆತಂದರು. ಮೇಷ್ಟ್ರು ಸೊಸೆಯ ಹೊಸಿಲ ಹೊರಗೆ ಮಾಡಿನ ನೀರು ಬೀಳುವಲ್ಲೇ ನಿಂತಿದ್ದರು. ಒಳಗಿಂದ ಅವಳು ಹಲ್ಲು ಕಚ್ಚಿ ನರಳುವುದು ಕೇಳುತ್ತಿತ್ತು.

ಇಂಬುಗ ಬೈಕು ಹಿಡಿದ. ನಡುವೆ ಮಿನಾಯೊ, ಹಿಂದೆ ಅವಳನ್ನು ತಬ್ಬಿ ಕಗೆಹಾ. ಹೊರಡುವಾಗ ಮಿನಾಯೊ ಮುಖವೆತ್ತಿ ನೇರವಾಗಿ ಮೇಷ್ಟ್ರನ್ನು ನೋಡಿದಳು. ಆ ಮನೆಗೆ ಬಂದ ಇಷ್ಟು ವರ್ಷಗಳಲ್ಲಿ ಹಾಗೆ ನೋಡಿರಲಿಲ್ಲ.

"ಮಾವ," ಎಂದಳು. "ಬೀಗ ಒಡೀರಿ. ನನ್ನನ್ನ ಅಲ್ಲೇ ಮಲಗಿಸಿ. ಈ ರಸ್ತೇಲಿ ಬೇಡ."

"ಅಲ್ಲಿ ನರ್ಸ್ ಇಲ್ಲಮ್ಮ," ಎಂದರು ಮೇಷ್ಟ್ರು.

ಬೈಕು ಕೆಸರಿನಲ್ಲಿ ಎಡಕ್ಕೂ ಬಲಕ್ಕೂ ಜಾರುತ್ತ ಇಳಿಯಿತು.

ಮಿಷನ್ ಆಸ್ಪತ್ರೆಯವರೆಗೆ ಅವರು ಮುಟ್ಟಲಿಲ್ಲ. ದಾರಿಯಲ್ಲಿ ಟೀ ಸೊಪ್ಪು ತೂಗುವ ಶೆಡ್ಡಿನ ಸಿಮೆಂಟು ನೆಲದ ಮೇಲೆ ಮಗು ಹುಟ್ಟಿತು. ಹೆಣ್ಣು. ಅತ್ತಿತು. ಕಗೆಹಾ ತನ್ನ ಲಂಗ, ತಲೆಬಟ್ಟೆ, ಶೆಡ್ಡಿನಲ್ಲಿದ್ದ ಗೋಣಿಚೀಲ ಎಲ್ಲ ಒತ್ತಿ ಹಿಡಿದಳು. ಇಂಬುಗ ಕಾರು ಹುಡುಕಿ ತರುವಷ್ಟರಲ್ಲಿ ಮಿನಾಯೊ ಚಳಿಯಾಗುತ್ತಿದೆ ಎಂದಳು, ಆಮೇಲೆ ಏನೂ ಹೇಳಲಿಲ್ಲ.

ಮಿನಾಯೊಳ ಮಣ್ಣು ಶನಿವಾರಕ್ಕೆ ನಿಗದಿಯಾಯಿತು. ಸುದ್ದಿ ಹೇಗೆ ಹೋಯಿತೋ, ಎಲ್ಲರೂ ಬರುತ್ತೇವೆಂದು ತಾವಾಗಿಯೇ ಫೋನು ಮಾಡಿದರು. ವಾರ್ಡ್ ಸದಸ್ಯ ಶುಕ್ರವಾರವೇ ಬಂದು ಅಂಗಳ ನೋಡಿ, ಇಷ್ಟು ಜಾಗ ಸಾಲದು, ಡಿಸ್ಪೆನ್ಸರಿ ಮುಂದೆಯೇ ಟೆಂಟು ಹಾಕೋಣ ಎಂದ. ಮಹಿಳಾ ಪ್ರತಿನಿಧಿಯ ಟೆಂಟುಗಳು ಬಂದವು, ಕುರ್ಚಿಗಳು ಬಂದವು. ಶನಿವಾರ ಒಂದರ ಹಿಂದೊಂದು ಕಾರು ಗುಡ್ಡ ಹತ್ತಿದವು. ಎಂಪಿ, ಮಹಿಳಾ ಪ್ರತಿನಿಧಿ, ಸೆನೆಟರು. ಕೊನೆಗೆ ಗವರ್ನರು, ಹಿಂದೆ ಮುಂದೆ ಪೊಲೀಸರು. ಅಧ್ಯಕ್ಷರದು ಸಂತಾಪ ಸಂದೇಶ ಬಂದಿತ್ತು; ಅದನ್ನು ಯಾರೋ ಓದಿದರು.

ಊಟದ ಹೊತ್ತಿಗೆ ಮೋಡ ಕವಿಯಿತು. ಆಪ್ತ ಸಹಾಯಕ ಬಂದು ಮೇಷ್ಟ್ರ ಕಿವಿಯ ಹತ್ತಿರ ಬಾಗಿದ. "ಮೇಷ್ಟ್ರೇ, ಮಾನ್ಯರು ಮಳೇಲಿ ಹ್ಯಾಗೆ ಉಣ್ತಾರೆ? ಕೀ ಕೊಡಿ."

ಮೇಷ್ಟ್ರು ಕೋಟಿನೊಳಗೆ ಕೈ ಹಾಕಿ ಕೀ ತೆಗೆದು ಕೊಟ್ಟರು. ಎರಡು ಹೆಜ್ಜೆ ಆಚೆ ಇಂಬುಗ ನಿಂತಿದ್ದ. ನೋಡಿದ.

ಹೆರಿಗೆ ಕೋಣೆಯೇ ಎಲ್ಲಕ್ಕಿಂತ ದೊಡ್ಡದು. ಮಂಚವನ್ನು ಗೋಡೆಗೆ ಸರಿಸಿ, ಪ್ಲಾಸ್ಟಿಕ್ಕಿನ ಮೇಲೆಯೇ ಮೇಜುಬಟ್ಟೆ ಹಾಸಿ ಅದರ ಮೇಲೆ ಪಾತ್ರೆಗಳನ್ನು ಇಟ್ಟರು. ಎಂಪಿ ಮತ್ತು ಗವರ್ನರು ಅಕ್ಕಪಕ್ಕ ಕೂತು ಉಂಡರು, ಏನೋ ಹೇಳಿಕೊಂಡು ನಕ್ಕರು ಕೂಡ. ಯಜಮಾನನ ತುಂಡು ಎಂಪಿಯ ತಟ್ಟೆಗೆ ಬಿತ್ತು. ಉದ್ಘಾಟನೆಯ ಕಲ್ಲು ಕಾಣಿಸದಂತೆ ಮುಚ್ಚಿದ್ದ ಬಟ್ಟೆಯ ಮೂಲೆಯನ್ನು ಗಾಳಿ ಎತ್ತಿತು. ಮೇಷ್ಟ್ರು ಓದಿದರು. ಎಂಪಿಯ ಹೆಸರಿತ್ತು, ಕಟ್ಟಡಕ್ಕೆ ಹಣ ಬಂದ ಸರ್ಕಾರಿ ನಿಧಿಯ ಹೆಸರಿತ್ತು. ಬೇರೆ ಹೆಸರಿರಲಿಲ್ಲ.

ಕುಟುಂಬದ ಪರವಾಗಿ ಎರಡು ಮಾತಾಡಲು ಮೈಕು ಅವರ ಕೈಗೆ ಬಂತು. ಮುಂದಿನ ಸಾಲಿನಲ್ಲಿ, ಅವರು ಚೀಟಿ ಹಾಕಿ ಆರಿಸಿದ ಆರು ಜನರಲ್ಲಿ ಐವರು ಕೂತಿದ್ದರು. ಅಷ್ಟು ಹತ್ತಿರ. ಮೇಷ್ಟ್ರು ಒಬ್ಬೊಬ್ಬರ ಸ್ಥಾನಕ್ಕೆ ತಕ್ಕ ಹಾಗೆ, ಮೇಲಿನಿಂದ ಕೆಳಕ್ಕೆ ಒಬ್ಬರನ್ನೂ ಬಿಡದೆ ವಂದಿಸಿದರು. ಟೆಂಟಿಗೆ, ಕುರ್ಚಿಗೆ, ಬಿಡುವು ಮಾಡಿಕೊಂಡು ಬಂದದ್ದಕ್ಕೆ ಧನ್ಯವಾದ ಹೇಳಿದರು. ಮತ್ತೇನೋ ಹೇಳಲು ಬಾಯಿ ತೆರೆದರು. ನಿರೂಪಕ ಮೈಕು ತೆಗೆದುಕೊಂಡ.

ಕಾರುಗಳು ಇಳಿದ ಮೇಲೆ ಬಾಗಿಲಿಗೆ ಮತ್ತೆ ಬೀಗ ಬಿತ್ತು. ಕೀಯನ್ನು ಸಹಾಯಕ ಒಯ್ದ.

ವಾರಗಳು ಕಳೆದವು. ಕಗೆಹಾ ಮಗುವಿಗೆ ಹಸುವಿನ ಹಾಲು ಕುಡಿಸುವುದನ್ನು ಕಲಿತಳು. ಹುಲ್ಲಿಲ್ಲದೆ ಹಸುವಿನ ಹಾಲು ಇಳಿದಿತ್ತು. ಬಾಗಿಲಾಚೆಯಿಂದ ಯಾರೂ ಮಾತಾಡದ ಕಾರಣ ಮನೆಯಲ್ಲಿ ಊಟ ಬೇಗ ಮುಗಿಯುತ್ತಿತ್ತು. ಒಂದು ಸಂಜೆ ಅವಳು ಕೋಳಿ ಮಾಡಿ, ಜಠರದ ತುಂಡನ್ನು ಮೇಷ್ಟ್ರ ತಟ್ಟೆಗೆ ಹಾಕಿದಳು. ಅವರು ಅದನ್ನು ಮಗನ ತಟ್ಟೆಗೆ ಹಾಕಿದರು. ಇಂಬುಗ ಅದನ್ನು ತಟ್ಟೆಯ ಅಂಚಿಗೆ ಸರಿಸಿದ.

"ಕೀ ನಿನ್ನ ಹತ್ರ ಯಾವಾಗಿಂದ ಇತ್ತಪ್ಪ?"

ಕಗೆಹಾ ಮಗುವನ್ನು ತೊಡೆಯ ಮೇಲೆ ಹೊರಳಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಉದ್ಘಾಟನೆಗೆ ಅಂತ ಕೊಟ್ಟಿದ್ರು."

ಇಂಬುಗ ಮುದ್ದೆ ಮುರಿದ. ಬಾಯಿಗಿಡಲಿಲ್ಲ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅಪ್ಪನ ಮುಖ ನೋಡಲಾರದೆ ಆಡಿದ ಮಾತಿನ ಹಾಗಿತ್ತು.

"ಹೋಗ್ಲಿ ಬಿಡು. ಕೀ ಇದ್ದು ಏನು ಮಾಡ್ತಿದ್ದೆ ನೀನು? ಅವರು ನರ್ಸನ್ನೇ ಕಳಿಸಲಿಲ್ವಲ್ಲ."

ಅವನು ಆ ತುಂಡನ್ನು ಮತ್ತೆ ಅಪ್ಪನ ತಟ್ಟೆಗೆ ಹಾಕಿದ. ಮೇಷ್ಟ್ರು ತಿಂದರು.

ಆ ಮಂಗಳವಾರ ಒಬ್ಬ ನರ್ಸು ಬಂದಿದ್ದಳು, ಒಂದು ಕೋಣೆ ತೆಗೆದರೂ ಸಾಕು ಎಂದು ಕೇಳಿದ್ದಳು, ಆಗ ಕೀ ತಮ್ಮ ಕೋಟಿನ ಒಳಜೇಬಿನಲ್ಲಿತ್ತು ಎಂಬುದನ್ನು ಚಗಾಲ ಮೇಷ್ಟ್ರು ಅಂದು ಹೇಳಲಿಲ್ಲ. ಮುಂದೆಯೂ ಹೇಳಲಿಲ್ಲ.